ಜೀಪಿಗೊಂದು ಸಂಚಿ

ಪುನರ್ವಸು ಮಳೆ ಜಡಿ ಹಿಡಿದಿದ್ದ ಒಂದು ಸಂಜೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿರುವಾಗ ಜೀಪಿನ ಅಡಿಯಿಂದ ಕಟಕಟ ಸದ್ದು ಶುರುವಾಯಿತು. ಬದಿಗೆ ಹಾಕಿ, ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಟ್‌ಗಳು ಸಡಿಲಗೊಂಡಿದ್ದವು. ಅರ್ಧ ಇಂಚಿನ ಸ್ಪ್ಯಾನರ್ ಹಾಕಿ ಬಿಗಿ ಮಾಡಿದರೆ ಹತ್ತು ನಿಮಿಷದ ಕೆಲಸ. ನನಗೆ ಒಂದೂಕಾಲು ಗಂಟೆ ಹಿಡಿಯಿತು.

ಸ್ಪ್ಯಾನರ್ ಇರಲಿಲ್ಲವೆಂದಲ್ಲ. ಸೀಟಿನ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು. ಎರಡೂ ಕಡೆಗೆ ತೆರೆದುಕೊಳ್ಳುವ, ಐದು ಟ್ರೇಗಳ ಆ ಪೆಟ್ಟಿಗೆಯನ್ನು ಮಳೆಯಲ್ಲಿ ತೆರೆದದ್ದೇ ತಡ, ಐದೂ ಟ್ರೇಗಳಲ್ಲಿ ನೀರು ನಿಂತಿತು. ಘಾಟಿಯ ಕುಲುಕಾಟಕ್ಕೆ ಮೇಲಿನ ಟ್ರೇಯ ಸಾಮಾನು ಕೆಳಗೆ, ಕೆಳಗಿನದು ಇನ್ನೆಲ್ಲಿಗೋ ಹೋಗಿ ಎಲ್ಲ ಒಂದೇ ರಾಶಿಯಾಗಿತ್ತು. ಕತ್ತಲಲ್ಲಿ ಕೈಗೆ ಸಿಕ್ಕಿದ ಹದಿಮೂರು ಮಿಲಿಮೀಟರಿನ ಸ್ಪ್ಯಾನರನ್ನೇ ಹಾಕಿ ತಿರುಗಿಸಿದೆ. ಅದು ಜಾರಿ ನಟ್ಟಿನ ಮೂಲೆಗಳು ಸವೆದು ಗುಂಡಾದವು. ಕೊನೆಗೆ ಪೈಪ್ ವ್ರೆಂಚ್ ಹಾಕಿ ಹೇಗೋ ಬಿಗಿ ಮಾಡಿಕೊಂಡು ಮನೆಗೆ ಬಂದೆ.

ನನ್ನದು ಹಳೆಯ ಮಹೀಂದ್ರಾ ಎಂಎಂ 540. ಈ ಗಾಡಿಗಳ ಪೈಕಿ ಬಹಳಷ್ಟರದು ಎರಡು ದೇಶದ ರಕ್ತ. ಚಾಸಿ, ಆಕ್ಸಲ್ ಎಲ್ಲ ಅಮೆರಿಕದ ವಿಲ್ಲೀಸ್ ಜೀಪಿನ ಮೂಲದ್ದು, ಅಲ್ಲಿ ಇಂಚಿನ ಲೆಕ್ಕ. ಎಂಜಿನ್ ಫ್ರಾನ್ಸಿನ ಪ್ಯೂಜೊ ಮೂಲದ್ದು, ಅಲ್ಲಿ ಮಿಲಿಮೀಟರ್. ಹಾಗಾಗಿ ಎರಡು ಸೆಟ್ ಸ್ಪ್ಯಾನರ್ ಹೊರಲೇಬೇಕು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಹದಿಮೂರರದು ಅದಕ್ಕೆ ಕೂತ ಹಾಗೆ ಕಾಣುತ್ತದೆ, ಬಲ ಹಾಕಿದಾಗ ಜಾರುತ್ತದೆ. ಮುಕ್ಕಾಲು ಇಂಚಿಗೆ 19ರದು ಸರಿಯಾಗಿ ಕೂರುತ್ತದೆ, ಏಕೆಂದರೆ ಅದು 19.05. ಐದೆಂಟನೆಯ (5/8) ಇಂಚಿಗೆ 16ರದು ಪರವಾಗಿಲ್ಲ. ಒಂಬತ್ತು ಹದಿನಾರನೆಯದಕ್ಕೆ (9/16) ಮಾತ್ರ ಹದಿನಾಲ್ಕು ಹಿಡಿಸುವುದಿಲ್ಲ, ಹದಿನೈದು ಅಲುಗಾಡುತ್ತದೆ. ಇದನ್ನೆಲ್ಲ ಗ್ಯಾರೇಜಿನ ಹುಡುಗರು ಬಾಯಿಪಾಠವಾಗಿ ಬಲ್ಲರು. ನನಗೆ ಅಂದು ಮಳೆಯಲ್ಲಿ ಪಾಠವಾಯಿತು.

ಮರುದಿನ ಪೆಟ್ಟಿಗೆಯನ್ನು ಕಣಕ್ಕೆ ತಂದು ಸುರಿದೆ. ಕಾಫಿ ತೂಗುವ ಯಂತ್ರ ಅಲ್ಲೇ ಇತ್ತಲ್ಲ, ತೂಗಿಯೂ ಬಿಟ್ಟೆ. ಒಟ್ಟು 27 ಕಿಲೋ, ಅದರಲ್ಲಿ ಬರಿಯ ಪೆಟ್ಟಿಗೆಯದೇ ಐದು. ಸಾಮಾನನ್ನು ಮೂರು ಗುಡ್ಡೆ ಮಾಡಿದೆ. ರಸ್ತೆಯಲ್ಲಿ ನಿಜವಾಗಿ ಬಳಸಿದ್ದು ಒಂದು. ಬಳಸಿಲ್ಲ, ಆದರೆ ಇಲ್ಲದಿದ್ದರೆ ಕೆಟ್ಟೆವು ಎನ್ನುವಂಥದ್ದು ಇನ್ನೊಂದು. ಮೂರನೆಯದು ಏಕಿದೆಯೆಂದು ನನಗೇ ತಿಳಿಯದ್ದು. ಈ ಮೂರನೆಯ ಗುಡ್ಡೆ ಏಳು ಕಿಲೋ ತೂಗಿತು. ಅದರಲ್ಲಿ ಎರಡು ಸುತ್ತಿಗೆ, ಒಂದು ಗರಗಸದ ಚೌಕಟ್ಟು, ನಾನು ಎಂದೋ ಮಾರಿದ ಸ್ಕೂಟರಿನ ಪ್ಲಗ್ ಸ್ಪ್ಯಾನರ್ ಇದ್ದವು. ಚೀಲ ಹುಡುಕುವ ಮುಂಚೆ ಈ ತೂಗುವ ಕೆಲಸ ಮಾಡದಿದ್ದರೆ ಏಳು ಕಿಲೋ ಕಸಕ್ಕೂ ಸೇರಿಸಿ ಚೀಲ ಕೊಂಡಿರುತ್ತಿದ್ದೆ.

ಪೆಟ್ಟಿಗೆಯ ಮೇಲೆ ನನಗೆ ಬೇರೆ ಸಿಟ್ಟೂ ಇತ್ತು. ಪಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ಇಟ್ಟರೆ ಅದು ದಿನವಿಡೀ ಅರದ ಕೆಲಸ ಮಾಡುತ್ತದೆ. ಪೆಟ್ಟಿಗೆಯ ಮೂಲೆ ಪಕ್ಕದಲ್ಲಿದ್ದ ರೇಡಿಯೇಟರ್ ನೀರಿನ ಕ್ಯಾನನ್ನು ಉಜ್ಜಿ ಉಜ್ಜಿ ತೂತು ಮಾಡಿತ್ತು. ಆ ನೀರು ಪೆಟ್ಟಿಗೆಯ ಅಡಿಗೆ ಇಳಿದು, ಒಂದು ತಿಂಗಳಾದ ಮೇಲೆ ನೋಡಿದಾಗ ಕೆಳಗಿನ ಟ್ರೇ ಪೂರ್ತಿ ತುಕ್ಕು.

ಮೊದಲು ಕೊಂಡದ್ದು ದೊಡ್ಡ ಚೀಲ. ಬೆಂಗಳೂರಿಗೆ ಹೋದಾಗ ಎಸ್.ಜೆ.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ತಂದೆ. ನೋಡಲು ಚೆಂದ, ಹೊರಗೆ ಇಪ್ಪತ್ತು ಜೇಬು, ಅಗಲವಾದ ಬಾಯಿ, ದಪ್ಪ ನೈಲಾನ್. ಅಂಗಡಿಯವರು ‘ಸಾವಿರ ಡೆನಿಯರ್’ ಎಂದು ಎರಡೆರಡು ಸಲ ಹೇಳಿದರು. ಡೆನಿಯರ್ ಎಂದರೆ ಒಂಬತ್ತು ಸಾವಿರ ಮೀಟರ್ ನೂಲಿನ ತೂಕ, ಗ್ರಾಮಿನಲ್ಲಿ. ಸಾವಿರ ಡೆನಿಯರ್ ಎಂದರೆ ಒಂಬತ್ತು ಕಿಲೋಮೀಟರ್ ನೂಲು ಒಂದು ಕಿಲೋ ತೂಗುತ್ತದೆ. ನೂಲು ದಪ್ಪಗಿದೆಯೆಂದು ಅದರಿಂದ ತಿಳಿಯುತ್ತದೆ. ನೇಯ್ಗೆ ಎಷ್ಟು ಒತ್ತಾಗಿದೆ, ಹೊಲಿಗೆ ಹೇಗಿದೆ ಎಂಬುದು ತಿಳಿಯುವುದಿಲ್ಲ. ಬಟ್ಟೆಯ ವಿಷಯದಲ್ಲಿ ಆ ಚೀಲ ನನಗೆ ಮೋಸ ಮಾಡಲಿಲ್ಲ. ಸೋತದ್ದು ಬೇರೆ ಕಡೆ.

ಅದರ ಒಳಮೈ ಕಪ್ಪು. ಎಣ್ಣೆ ಮೆತ್ತಿದ ಸ್ಪ್ಯಾನರ್ ಕಪ್ಪು ಚೀಲದ ತಳದಲ್ಲಿ ಬಿದ್ದರೆ ಟಾರ್ಚ್ ಬಿಟ್ಟರೂ ಕಾಣುವುದಿಲ್ಲ, ಬಾವಿಗೆ ಬಿದ್ದ ಕೊಡದ ಹಾಗೆ ತಡಕಾಡಬೇಕು. ಹೊರಗಿನ ಜೇಬುಗಳಂತೂ ಜೀಪಿಗೆ ಹೇಳಿಸಿದ್ದಲ್ಲ. ಸೀಟಿನ ಕೆಳಗಿನಿಂದ ಎಳೆಯುವಾಗ ಸ್ಕ್ರೂಡ್ರೈವರಿನ ಹಿಡಿಗಳು ಸೀಟಿನ ಕಂಬಿಗೆ ಸಿಕ್ಕಿಕೊಂಡು ಒಂದೊಂದೇ ಉದುರುತ್ತಿದ್ದವು. ಎರಡು ಕಳೆದವು. ಆಮೇಲೆ ಜಿಪ್. ನಮ್ಮ ಕೆಮ್ಮಣ್ಣಿನ ಧೂಳು ಹಲ್ಲುಗಳ ಸಂದಿಗೆ ಹೋಗಿ ಮಳೆಗೆ ಅರಲಾಗಿ ಬಿಸಿಲಿಗೆ ಗಟ್ಟಿಯಾಯಿತು, ಏಪ್ರಿಲ್‌ನಲ್ಲಿ ಎಳೆದಾಗ ಕೊಂಡಿಯೇ ಕಿತ್ತು ಬಂತು. ಕಟ್ಟಡದೊಳಗೆ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೆ ಅದು ಒಳ್ಳೆಯ ಚೀಲ. ನೆಟ್ಟಗೆ ನಿಲ್ಲಿಸಿ, ಬೆಳಕಿನಲ್ಲಿ, ಸುತ್ತಲಿನಿಂದ ಎತ್ತಿಕೊಳ್ಳುವುದಕ್ಕೆ ಮಾಡಿದ್ದು. ಮಲಗಿಸಿ ತುರುಕಿದವನು ನಾನು.

ನಮ್ಮ ಅಜ್ಜಿಯ ಬಳಿ ಎಲೆಯಡಿಕೆ ಸಂಚಿ ಇತ್ತು. ಪದರಪದರವಾಗಿ ಹೊಲಿದ ಬಟ್ಟೆಯ ಸಂಚಿ. ಒಂದು ಪದರದಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ ಮತ್ತು ಅಡಕತ್ತರಿ. ಕೊನೆಗಾಲದಲ್ಲಿ ಅವರಿಗೆ ಕಣ್ಣು ಅಷ್ಟಕ್ಕಷ್ಟೇ. ಆದರೂ ಮಾತಾಡುತ್ತಲೇ ಬೇಕಾದದ್ದನ್ನು ತೆಗೆದು, ಮತ್ತೆ ಅದೇ ಪದರಕ್ಕೆ ಸೇರಿಸಿ ದಾರ ಎಳೆಯುತ್ತಿದ್ದರು. ಜಿಪ್ ಕಿತ್ತ ಚೀಲವನ್ನು ಹಿಡಿದು ಜಗಲಿಯಲ್ಲಿ ಕೂತಾಗ ಅದು ನೆನಪಾಯಿತು. ನನಗೆ ಬೇಕಾದದ್ದು ಸಾಮಾನು ತುಂಬುವ ಚೀಲವಲ್ಲ, ಕಣ್ಣಿಲ್ಲದೆ ಸಾಮಾನು ಹುಡುಕಿ ಕೊಡುವ ಸಂಚಿ.

ಜೀಪಿಗೆ ಹುಡ್ ಹೊಲಿಯುವ ಕುಷನ್ ವರ್ಕ್ಸ್ ಅಂಗಡಿ ಮೂಡಿಗೆರೆಯಲ್ಲಿದೆ. ಸಾಲು ಜೇಬುಗಳಿರುವ, ಸುತ್ತಿ ಕಟ್ಟುವಂಥ ಬಟ್ಟೆಯ ಸುರುಳಿ ಹೊಲಿಸಲು ಅಲ್ಲಿಗೆ ಸ್ಪ್ಯಾನರ್‌ಗಳನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಹೋದೆ. ಹುಡ್ ಹೊಲಿದು ಉಳಿದ ಖಾಕಿ ಕ್ಯಾನ್ವಾಸ್ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ರೆಕ್ಸಿನ್ ತೆಗೆದುಕೊಳ್ಳಿ, ಒರೆಸಿದರೆ ಹೊಸದು, ಎಂದು ಅಂಗಡಿಯ ಹಿರಿಯರು ಹೇಳಿದರು. ನಾನು ಬೇಡವೆಂದೆ. ರೆಕ್ಸಿನ್ ಬಿಸಿಲಿಗೆ ಅಂಟುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಒದ್ದೆ ಸ್ಪ್ಯಾನರ್ ಒಳಗಿಟ್ಟು ಸುತ್ತಿದರೆ ನೀರಿನ ಪಸೆ ಹೊರಗೆ ಹೋಗಲು ದಾರಿಯೇ ಇಲ್ಲ. ಚರ್ಮದ್ದು ನೋಡಲು ರಾಜಠೀವಿ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಸುತ್ತಿಟ್ಟ ಚರ್ಮವನ್ನು ಕೇಳಬೇಕೆ? ತೇವ ಹಿಡಿದಿಟ್ಟುಕೊಂಡು ಉಕ್ಕಿಗೆ ತುಕ್ಕು ಹತ್ತಿಸುತ್ತದೆ. ಹತ್ತಿಯ ಕ್ಯಾನ್ವಾಸ್ ಒದ್ದೆಯಾಗುತ್ತದೆ ನಿಜ, ಒಣಗುತ್ತದೆ ಕೂಡ.

ಮೊದಲು ಹೊಲಿದ ಸುರುಳಿ ಕೆಟ್ಟಿತು, ತಪ್ಪು ನನ್ನದೇ. ಪ್ರತಿ ಜೇಬಿಗೂ ಸ್ಪ್ಯಾನರಿನ ಅಗಲವನ್ನಷ್ಟೇ ಅಳೆದು ಕೊಟ್ಟಿದ್ದೆ, ದಪ್ಪವನ್ನು ಮರೆತಿದ್ದೆ. ಹೊಲಿದಾದ ಮೇಲೆ ಒಂದೂ ಒಳಗೆ ಹೋಗಲಿಲ್ಲ. ಹಿರಿಯರು ನಕ್ಕು, ‘ಗೌಡರೇ, ಕಾಲಿನ ಅಗಲ ಅಳೆದು ಪ್ಯಾಂಟ್ ಹೊಲಿಸುತ್ತಾರೆಯೆ?’ ಎಂದರು. ಲೆಕ್ಕ ಸರಳವಾಗಿಯೇ ಇದೆ. ಚಪ್ಪಟೆಯಾಗಿ ಹೊಲಿದ ಜೇಬಿಗೆ, ಒಳಗೆ ಹೋಗುವ ವಸ್ತುವಿನ ಅಗಲವನ್ನೂ ದಪ್ಪವನ್ನೂ ಕೂಡಿಸಿದಷ್ಟು ಅಗಲ ಕನಿಷ್ಠ ಬೇಕು. ನನ್ನ 18–19ರ ರಿಂಗ್ ಸ್ಪ್ಯಾನರಿನ ತಲೆ 29 ಮಿಲಿಮೀಟರ್ ಅಗಲ, 12 ದಪ್ಪ. ಕೂಡಿದರೆ 41, ಸಲೀಸಾಗಿ ಹೋಗಿಬರಲು ನಾಲ್ಕು ಸೇರಿಸಿ 45. ಹೊಲಿಗೆ ಬಿಚ್ಚಿ, ಹೀಗೆ ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟೆ.

ಆ ಗೆರೆ ಎಳೆಯುವ ಹೊತ್ತಿನಲ್ಲೇ ಇನ್ನೂ ನಾಲ್ಕಾರು ವಿಷಯ ತೀರ್ಮಾನವಾದವು. ಜೇಬಿನ ಬಾಯಿ ಒಂದೇ ಎತ್ತರದಲ್ಲಿರುವುದು ಬೇಡ. ಸ್ಪ್ಯಾನರ್ ಚಿಕ್ಕದಾದ ಹಾಗೆ ಬಾಯಿಯೂ ಇಳಿಜಾರಾಗಿ ಕೆಳಗೆ ಬರಲಿ, ಪ್ರತಿಯೊಂದರ ಮೂರನೆಯ ಒಂದು ಪಾಲು ಹೊರಗೆ ಕಾಣಬೇಕು. ಮೇಲೆ ಅಂಗೈಯಗಲದ ಒಂದು ಸೆರಗು, ಮಡಚಿ ಮುಚ್ಚಿದರೆ ಸುತ್ತಿದ ಮೇಲೆ ಯಾವುದೂ ಜಾರಬಾರದು. ಆ ಸೆರಗನ್ನು ಬಿಟ್ಟು ಹೊಲಿದ ಸುರುಳಿಗಳನ್ನು ನೋಡಿದ್ದೇನೆ, ಎತ್ತಿದ ಕೂಡಲೇ ಮಾವಿನಕಾಯಿಯಂತೆ ಉದುರಿಸುತ್ತವೆ. ಒಂದು ಸುರುಳಿಗೆ ಹನ್ನೆರಡು ಜೇಬು ಸಾಕು. ಹದಿನಾರು ಮಾಡಿಸಿದರೆ ಸುತ್ತಿದಾಗ ದಿಂಬಿನಷ್ಟಾಗಿ ಸೀಟಿನ ಕೆಳಗೆ ಹೋಗುವುದಿಲ್ಲ. ಹೊಲಿಗೆಗೆ ಹುಡ್‌ಗೆ ಬಳಸುವ ಪಾಲಿಯೆಸ್ಟರ್ ದಾರವೇ ಆಗಬೇಕು, ಹತ್ತಿ ದಾರ ಬಟ್ಟೆಗಿಂತ ಮೊದಲು ಕೊಳೆಯುತ್ತದೆ. ಒಳಮೈಗೆ ಬಿಳಿಯ ದಪ್ಪ ಬಟ್ಟೆ. ಎರಡೇ ವಾರದಲ್ಲಿ ಅದು ಕೊಳಕಾಯಿತು, ಆದರೂ ಕಪ್ಪಿಗಿಂತ ಲೇಸು; ಖಾಲಿ ಜೇಬು ಕಣ್ಣಿಗೆ ಹೊಡೆಯುತ್ತದೆ, ರಸ್ತೆಯಲ್ಲಿ ಏನನ್ನಾದರೂ ಬಿಟ್ಟು ಬಂದರೆ ಅಲ್ಲೇ ಗೊತ್ತಾಗುತ್ತದೆ.

ಕಟ್ಟುವುದಕ್ಕೆ ಏನು ಎಂದು ಬಹಳ ಹೊತ್ತು ಚರ್ಚೆಯಾಯಿತು. ವೆಲ್ಕ್ರೋ ಮಣ್ಣು ಕುಡಿದರೆ ಸತ್ತ ಹಾಗೆ. ಬಕಲ್ ಒಳ್ಳೆಯದು, ಆದರೆ ಒದ್ದೆ ಕೈಗೆ ಒಲಿಯುವುದಿಲ್ಲ. ಕೊನೆಗೆ ಲಾಡಿಯೇ ಗೆದ್ದಿತು, ಎರಡು ಸುತ್ತು ಬರುವಷ್ಟು ಉದ್ದ. ಈ ಲಾಡಿಯಲ್ಲಿ ನಾನು ಮಾಡಿದ ಒಂದು ಸಣ್ಣ ಉಪಾಯದ ಬಗ್ಗೆ ಹೆಮ್ಮೆಯಿದೆ. ಮಿಲಿಮೀಟರ್ ಸುರುಳಿಯ ಲಾಡಿಯ ತುದಿಗೆ ಒಂದು ಗಂಟು, ಇಂಚಿನ ಸುರುಳಿಗೆ ಎರಡು ಗಂಟು. ಕತ್ತಲಲ್ಲಿ ಕೈಹಾಕಿದರೆ ಬೆರಳಿಗೇ ತಿಳಿಯುತ್ತದೆ. ಹದಿಮೂರನ್ನು ಅರ್ಧ ಇಂಚಿಗೆ ಹಾಕುವ ತಪ್ಪು ಆಮೇಲೆ ಆಗಿಲ್ಲ.

ಎರಡು ಸುರುಳಿಗೂ ಸೇರಿ ಹೊಲಿಗೆಯ ಕೂಲಿ ಆ ದೊಡ್ಡ ಚೀಲದ ಬೆಲೆಯ ಕಾಲುಭಾಗವೂ ಆಗಲಿಲ್ಲ. ತುಂಬಿದ ಮೇಲೆ ಒಂದೊಂದು ಮೂರೂವರೆ ಕಿಲೋದ ಆಸುಪಾಸಿನಲ್ಲಿದೆ. ಒಂದೇ ಕೈಯಲ್ಲಿ ಹಿಡಿದು ಗಾಡಿಯ ಕೆಳಗೆ ತೆವಳಬಹುದು, ಎದೆಯ ಪಕ್ಕಕ್ಕೇ ಬಿಡಿಸಿಟ್ಟುಕೊಳ್ಳಬಹುದು. ಕಲ್ಲಿನ ಮೇಲೆ ಹಾಸಿದರೆ ಸ್ಪ್ಯಾನರ್‌ಗೆ ಚಾಪೆಯೂ ಆಯಿತು.

ಹಾಗೆಂದು ಎಲ್ಲದಕ್ಕೂ ಸುರುಳಿ ಹೊಂದುವುದಿಲ್ಲ. ಚಪ್ಪಟೆ, ಉದ್ದನೆಯ ಸಾಮಾನಿಗೆ ಮಾತ್ರ ಅದು. ಸಾಕೆಟ್‌ಗಳನ್ನು ಗಾತ್ರದ ಕ್ರಮದಲ್ಲಿ ಬೈಂಡಿಂಗ್ ವೈರಿನ ಬಳೆಗೆ ಪೋಣಿಸಿ ರ‍್ಯಾಚೆಟ್ ಜೊತೆ ದಪ್ಪ ಬಟ್ಟೆಯ ಸಣ್ಣ ಚೀಲಕ್ಕೆ ಹಾಕಿದ್ದೇನೆ. ಅದರ ಜೊತೆ ಬಂದ ಪ್ಲಾಸ್ಟಿಕ್ ಪೆಟ್ಟಿಗೆಯ ಚಿಲಕ ಮುರಿದು ವರ್ಷಗಳಾದವು. ಫ್ಯೂಸ್, ಬಲ್ಬ್, ಕ್ಲಿಪ್, ಇನ್ಸುಲೇಷನ್ ಟೇಪ್ ಎಲ್ಲ ಮಗಳ ಹಳೆಯ ಶಾಲೆಯ ಊಟದ ಚೀಲದಲ್ಲಿ. ಪಂಕ್ಚರ್ ಸಾಮಾನಿಗೆ ಬೇರೆಯದೇ ಡಬ್ಬಿ ಬೇಕು, ಸೊಲ್ಯೂಷನ್ ಸೋರಿ ಒಮ್ಮೆ ಇಡೀ ಬಟ್ಟೆಯನ್ನು ಬೆಸುಗೆ ಹಾಕಿಬಿಟ್ಟಿತ್ತು. ಫ್ಯಾನ್ ಬೆಲ್ಟ್ ಸೀಟಿನ ಹಿಂದಿನ ಮೊಳೆಗೆ. ಕಾಫಿಯ ಗೋಣಿಚೀಲ ಎರಡು, ಅಂಗಾತ ಮಲಗಲು.

ಕಟ್ಟಿಹಾಕುವುದನ್ನು ಮಾತ್ರ ಸದರ ಮಾಡಬೇಡಿ. ಬ್ರೇಕ್ ಹಾಕಿದರೆ ನಿಲ್ಲುವುದು ಗಾಡಿ. ಒಳಗಿನ ಸಾಮಾನು ಅದೇ ವೇಗದಲ್ಲಿ ಮುಂದೆ ಬರುತ್ತದೆ. ಸುತ್ತಿಗೆಯೊಂದು ಪೆಡಲಿನ ಕೆಳಗೆ ಉರುಳಿಬಂದ ಅನುಭವ ನನಗಾಗಿದೆ, ಪುಣ್ಯಕ್ಕೆ ಅದು ಏರಿನಲ್ಲಿ. ಈಗ ಹಿಂದಿನ ಸೀಟಿನ ಕೆಳಗೆ ನೆಲಕ್ಕೆ ಎರಡು ಕೊಂಡಿ ಬೋಲ್ಟ್ ಹಾಕಿಸಿ, ಲಾರಿಯ ಹಳೆಯ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಎಲ್ಲವನ್ನೂ ಬಿಗಿದಿದ್ದೇನೆ. ಅಂಗಡಿಯ ಕೊಕ್ಕೆ ಹಗ್ಗಕ್ಕಿಂತ ಅದು ಗಟ್ಟಿ, ಕೊಕ್ಕೆ ಹಾರಿ ಕಣ್ಣಿಗೆ ಬಡಿಯುವ ಭಯವೂ ಇಲ್ಲ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಸುರುಳಿಗಳನ್ನು ಖಾಲಿ ಮಾಡಿ ಬಚ್ಚಲುಮನೆಯ ಹಂಡೆ ಒಲೆಯ ಮೇಲಿನ ಗಳುವಿಗೆ, ಒದ್ದೆ ಬಟ್ಟೆಗಳ ಸಾಲಿಗೇ ಹಾಕುತ್ತೇನೆ. ಸ್ಪ್ಯಾನರ್‌ಗಳಿಗೆ ಎಂಜಿನ್ ಆಯಿಲ್ ಸವರಿದ ಬಟ್ಟೆಯಿಂದ ಒಂದು ಕೈ. ಸೀರೆಗಳಿಗೆ ಡೀಸೆಲ್ ವಾಸನೆ ಹತ್ತುತ್ತದೆಂದು ಮನೆಯವಳ ತಕರಾರು ಇದೆ. ಸುರುಳಿಗಳಿಗೆ ಹೊಗೆಯ ವಾಸನೆ ಹತ್ತಿದೆ, ನನ್ನದೇನೂ ತಕರಾರಿಲ್ಲ.

ಸೋತಿರುವುದು ಜಾಕಿಯೊಂದರ ಮುಂದೆ. ಬಾಟಲ್ ಜಾಕಿ ಮಲಗಿಸಿದರೆ ಎಣ್ಣೆ ಸೋರುತ್ತದೆ, ನಿಲ್ಲಿಸಿದರೆ ಮೊದಲ ತಿರುವಿಗೇ ಉರುಳುತ್ತದೆ. ಎರಡು ಸಲ ಚೀಲ ಹೊಲಿಸಿದೆ, ಎರಡೂ ಎಣ್ಣೆ ಕುಡಿದು ಬತ್ತಿಯಾದವು. ಸದ್ಯಕ್ಕೆ ಅದು ಖಾಲಿ ಪೇಂಟ್ ಡಬ್ಬದಲ್ಲಿ, ಸುತ್ತ ಕಾಫಿ ಹೊಟ್ಟು ತುರುಕಿಸಿಕೊಂಡು ನೆಟ್ಟಗೆ ನಿಂತಿದೆ.