ರೋಮ್‌ನಲ್ಲಿ ಒಂದು ದಿನ: ವ್ಯಾಟಿಕನ್ ಬಿಟ್ಟೆವು, ಕೊಲೋಸಿಯಂ ಒಳಗೂ ಹೋಗಲಿಲ್ಲ

ರೋಮ್‌ಗೆ ಒಂದೇ ದಿನ ಇಟ್ಟುಕೊಂಡವರು ಸಾಮಾನ್ಯವಾಗಿ ವ್ಯಾಟಿಕನ್ ಮ್ಯೂಸಿಯಂ ಮತ್ತು ಕೊಲೋಸಿಯಂ ಎರಡಕ್ಕೂ ಟಿಕೆಟ್ ತೆಗೆಯುತ್ತಾರೆ. ನಾವು ಎರಡನ್ನೂ ಬಿಟ್ಟೆವು. ವ್ಯಾಟಿಕನ್ ಒಂದಕ್ಕೇ ಅರ್ಧ ದಿನ ಹೋಗುತ್ತದೆ. ಕೊಲೋಸಿಯಂ ಟಿಕೆಟ್‌ನಲ್ಲಿ ಫೋರಮ್ (ಪ್ರಾಚೀನ ರೋಮ್‌ನ ನಡುಚೌಕದ ಅವಶೇಷಗಳು), ಪಾಲಟೈನ್ ಗುಡ್ಡವೂ ಸೇರಿರುತ್ತವೆ. ದುಡ್ಡು ಕೊಟ್ಟ ಮೇಲೆ ಅವನ್ನೂ ನೋಡಲೇಬೇಕು ಅನ್ನಿಸುತ್ತದೆ. ಅಲ್ಲಿಗೆ ದಿನ ಮುಗಿಯಿತು. ಊರು ಯಾವಾಗ ನೋಡುವುದು?

ನಮ್ಮೆಜಮಾನ್ರು ಪಿಡಬ್ಲ್ಯುಡಿಯಲ್ಲಿ ಎಂಜಿನಿಯರ್ ಆಗಿದ್ದವರು. ಅವರಿಗೆ ಕಟ್ಟಡ ಬೇಕು. ನನಗೆ ಚಿತ್ರಕಲೆ ಬೇಕು. ಇಬ್ಬರೂ ಸಸ್ಯಾಹಾರಿಗಳು. ಹಾಗಾಗಿ ಹಳೇ ಊರಿನ ನಡುವೆ ನಡೆದೇ ಮುಗಿಸುವ ಒಂದು ದಾರಿ ಹಾಕಿಕೊಂಡೆವು. ಟ್ರೆವಿ ಕಾರಂಜಿಯಿಂದ ಶುರು, ಕೊಲೋಸಿಯಂ ಹತ್ತಿರ ಕೊನೆ. ಉಳಿದುಕೊಂಡಿದ್ದು ಟರ್ಮಿನಿ ರೈಲ್ವೆ ಸ್ಟೇಷನ್ ಪಕ್ಕ. ವಾಪಸ್ ಬರಲು ಮೆಟ್ರೋ ಇತ್ತು.

ಟ್ರೆವಿಗೆ ಹೋಗುವುದಿದ್ದರೆ ಬೆಳಕು ಹರಿಯುವ ಹೊತ್ತಿಗೇ ಹೋಗಿ. ಒಂಬತ್ತರ ಮೇಲೆ ಅಲ್ಲಿ ಕಾಣುವುದು ಬರೀ ತಲೆಗಳು ಮತ್ತು ಸೆಲ್ಫಿ ಕೋಲುಗಳು. ನಾವು ಹೋದಾಗ ಒಂದು ಮದುವೆ ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು, ಇನ್ನೊಂದಷ್ಟು ಜನ ನಮ್ಮ ಹಾಗೆ ನಿದ್ದೆಗಣ್ಣಿನಲ್ಲಿದ್ದರು. ಕಾರಂಜಿ ಪೂರ್ತಿಯಾಗಿದ್ದು 1762ರಲ್ಲಿ. ಅದಕ್ಕೆ ನೀರು ಬರುವ ಕಾಲುವೆಯನ್ನು ರೋಮನ್ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ್ದು ಕ್ರಿಸ್ತಪೂರ್ವ 19ರಲ್ಲಿ. ಇವರಿಗೆ ಶಿಲ್ಪಕ್ಕಿಂತ ಆ ಕಾಲುವೆಯದ್ದೇ ಚಿಂತೆ. ಎಷ್ಟು ಇಳಿಜಾರು ಕೊಟ್ಟಿರಬಹುದು, ಹೂಳು ಹೇಗೆ ತೆಗೆಯುತ್ತಿದ್ದರು ಅಂತ. ನಾನು ಸುಮ್ನೆ ಒಂದು ನಾಣ್ಯ ಎಸೆದೆ. ಆ ದುಡ್ಡೆಲ್ಲ ಬಡವರಿಗೆ ಸಹಾಯ ಮಾಡುವ ಕಾರಿತಾಸ್ ಸಂಸ್ಥೆಗೆ ಹೋಗುತ್ತದೆ.

ಕಾಫಿಯನ್ನು ನಿಂತೇ ಕುಡಿಯಿರಿ. ಅಲ್ಲಿ ‘ಬಾರ್’ ಅಂದರೆ ಕಾಫಿ ಅಂಗಡಿಯೇ. ಕೌಂಟರ್‌ನಲ್ಲಿ ನಿಂತರೆ ಒಂದು ರೇಟು, ಕುರ್ಚಿ ಎಳೆದುಕೊಂಡು ಕೂತರೆ ಹಲವು ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ. ನಮ್ಮ ದರ್ಶಿನಿ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ಇನ್ನೊಂದು ಮಾತು. ರೋಮ್‌ನಲ್ಲಿ ಸಾರ್ವಜನಿಕ ಶೌಚಾಲಯ ಕಡಿಮೆ. ಕಾಫಿ ಕುಡಿದ ಕಡೆಯೇ ಆ ಕೆಲಸವನ್ನೂ ಮುಗಿಸಿಕೊಳ್ಳಬೇಕು. ಎರಡೆರಡು ಗಂಟೆಗೊಮ್ಮೆ ನಾವು ಕಾಫಿ ಕುಡಿದಿದ್ದಕ್ಕೆ ರುಚಿಯೊಂದೇ ಕಾರಣ ಅಲ್ಲ.

ನೀರಿನ ಬಾಟಲಿಗೆ ಮಾತ್ರ ದುಡ್ಡು ದಂಡ ಮಾಡಬೇಡಿ. ಊರ ತುಂಬ ಎರಡು ಸಾವಿರಕ್ಕೂ ಹೆಚ್ಚು ಕಬ್ಬಿಣದ ಕುಡಿಯುವ ನೀರಿನ ಕಂಬಗಳಿವೆ, ‘ನಸೋನಿ’ ಅನ್ನುತ್ತಾರೆ. 1870ರ ದಶಕದಿಂದ ಇವೆ. ಬಾಗಿದ ನಳ್ಳಿಯ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಕೆಳಗಿನ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಆ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಜೋರಾಗಿ ಒತ್ತಿದರೆ ಮುಖಕ್ಕೇ ಅಭಿಷೇಕ.

ಒಂಬತ್ತಕ್ಕೆ ಪ್ಯಾಂಥಿಯನ್, ಈಗ ಚರ್ಚ್ ಆಗಿರುವ ಪ್ರಾಚೀನ ರೋಮನ್ ದೇವಸ್ಥಾನ. 2023ರಲ್ಲಿ 5 ಯೂರೋ ಟಿಕೆಟ್ ಶುರುಮಾಡಿದರು, ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿದ್ದೆವು. ಮುಂದಿನ ಕಂಬಗಳ ಮೇಲೆ ಅದೇ ಅಗ್ರಿಪ್ಪನ ಹೆಸರು. ಆದರೆ ಈಗಿರುವ ಕಟ್ಟಡ ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಹತ್ತಿರ ಹತ್ತಿರ 1900 ವರ್ಷ ಹಳೆಯದು. ಒಳಗೆ ಕಾಲಿಟ್ಟವರೇ ಇವರು ಮಾತು ನಿಲ್ಲಿಸಿದರು. ಅದು ಅಪರೂಪ. ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ತುದಿಗೂ ಅಷ್ಟೇ ಎತ್ತರ. ಕಾಂಕ್ರೀಟ್, ಆದರೆ ಒಂದು ಕಬ್ಬಿಣದ ಸರಳಿಲ್ಲ. ಕಬ್ಬಿಣ ಹಾಕದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ದೊಡ್ಡದು. ಮೇಲೆ ಹೋದಂತೆ ಗುಮ್ಮಟ ತೆಳುವಾಗುತ್ತದೆ, ಕಾಂಕ್ರೀಟ್‌ಗೆ ಬೆರೆಸಿದ ಕಲ್ಲೂ ಹಗುರವಾಗುತ್ತದೆ. ತುದಿಯಲ್ಲಿ ಎಂಟೊಂಬತ್ತು ಮೀಟರ್ ಅಗಲದ ಕಂಡಿ, ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಬಂದರೆ ನೇರ ಒಳಗೇ. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರೆ ಇವರು ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದರು. ಅಮೃತಶಿಲೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ, ನೀರು ಅಲ್ಲಿ ಇಳಿದು ಹೋಗುತ್ತದೆ. “ನೋಡು, ನೆಲಕ್ಕೆ ವಾಟ ಕೊಟ್ಟಿದ್ದಾರೆ. ನಮ್ಮ ಬಾತ್‌ರೂಮಿಗೆ ಕೊಡೋಕೆ ಆ ಮೇಸ್ತ್ರಿಗೆ ಆಗಲಿಲ್ಲ” ಅಂದರು.

ಅಲ್ಲಿಂದ ನನ್ನ ಸರದಿ. ಪ್ಯಾಂಥಿಯನ್‌ನಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚ್ ಇದೆ. ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದ ಸಂತ ಮ್ಯಾಥ್ಯೂನ ಮೂರು ಚಿತ್ರಗಳು ಅಲ್ಲಿವೆ, ಪ್ರವೇಶ ಉಚಿತ. ಎಡಗಡೆ ಮೂಲೆಯ ಚಿಕ್ಕ ಚಾಪೆಲ್‌ನಲ್ಲಿ ಕತ್ತಲೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಟಪ್ ಅಂತ ಆರುತ್ತದೆ. ಆಮೇಲೆ ಇನ್ಯಾರಾದರೂ ಹಾಕಲಿ ಅಂತ ಎಲ್ಲರೂ ಕಾಯುತ್ತಾ ನಿಲ್ಲುತ್ತಾರೆ! ಚಿಲ್ಲರೆ ಇಟ್ಟುಕೊಂಡು ಹೋಗಿ, ಪುಣ್ಯ ಬರುತ್ತದೆ. ಮೂರರಲ್ಲಿ ಒಂದು, ತೆರಿಗೆ ವಸೂಲಿ ಮಾಡುತ್ತಿದ್ದ ಮ್ಯಾಥ್ಯೂನನ್ನು ಏಸು ಶಿಷ್ಯನಾಗಲು ಕರೆದ ಪ್ರಸಂಗ. ತೆರಿಗೆ ವಸೂಲಿಗಾರರು ಮೇಜಿನ ಸುತ್ತ ಕೂತಿದ್ದಾರೆ. ಬಲಗಡೆಯಿಂದ ಏಸು ಕೈ ಚಾಚಿ ಕರೆಯುತ್ತಿದ್ದಾನೆ. ಎಡತುದಿಯ ಹುಡುಗ ತಲೆಯೆತ್ತದೆ ದುಡ್ಡು ಎಣಿಸುತ್ತಿದ್ದಾನೆ. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ ಚಿತ್ರ ಇದು. ಆ ಹುಡುಗನ ಬೆರಳುಗಳನ್ನು ನಾನು ಸರಿಯಾಗಿ ನೋಡಿದ್ದು ಅಲ್ಲೇ.

ಪಕ್ಕದ ಬೀದಿಯ ಸಾಂತ್ ಅಗೊಸ್ತಿನೊ ಚರ್ಚ್‌ನಲ್ಲಿ ಅವನದೇ ಇನ್ನೊಂದು ಚಿತ್ರ. ಮೇರಿಯ ಮುಂದೆ ಮೊಣಕಾಲೂರಿದ ಯಾತ್ರಿಕರಿಬ್ಬರು, ಗಂಡಸಿನ ಕೊಳೆ ಹತ್ತಿದ ಅಂಗಾಲು ನಮ್ಮ ಕಡೆಗೇ. ನನ್ನ ಕೇಳಿದರೆ ಇಡೀ ದಿನದಲ್ಲಿ ಇದೇ ಒಂದು ಕೈ ಮೇಲು. ಇಂಥ ಚರ್ಚ್‌ಗಳನ್ನು ಬೆಳಿಗ್ಗೆಯೇ ನೋಡಿಬಿಡಬೇಕು, ಮಧ್ಯಾಹ್ನ ಒಂದೆರಡು ಗಂಟೆ ಬಾಗಿಲು ಹಾಕುವುದು ಜಾಸ್ತಿ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಚೂಡಿದಾರ್ ಹಾಕಿದ್ದರೆ ಯೋಚನೆಯೇ ಇಲ್ಲ.

ನವೋನಾ ಚೌಕದಲ್ಲಿ ಶಿಲ್ಪಿ ಬೆರ್ನಿನಿಯ ನಾಲ್ಕು ನದಿಗಳ ಕಾರಂಜಿ, 1651ರದ್ದು. ನಾಲ್ಕರಲ್ಲಿ ಒಂದು ಗಂಗೆ! ಉದ್ದ ಹುಟ್ಟು ಹಿಡಿದ ಗಡ್ಡದ ಗಂಡಸು. ನಮಗೆ ಗಂಗಮ್ಮ, ಅವರಿಗೆ ಗಂಗಪ್ಪ. ನೈಲ್ ನದಿ ಮುಖಕ್ಕೆ ಬಟ್ಟೆ ಮುಚ್ಚಿಕೊಂಡಿದೆ, ಅದರ ಮೂಲ ಆಗಿನ್ನೂ ಗೊತ್ತಿರಲಿಲ್ಲ ಅಂತ.

ಊಟಕ್ಕೆ ತೂಕದ ಲೆಕ್ಕದಲ್ಲಿ ಮಾರುವ ಪಿಜ್ಜಾ. ಎಷ್ಟು ಬೇಕು ಅಂತ ಕೈಯಲ್ಲಿ ತೋರಿಸಿದರೆ ಕತ್ತರಿಯಲ್ಲಿ ಕತ್ತರಿಸಿ ತೂಗಿ ಕೊಡುತ್ತಾರೆ. ‘ಸೆಂಝಾ ಕಾರ್ನೆ’ ಅಂದರೆ ಮಾಂಸ ಇಲ್ಲದ್ದು. ಸುಪ್ಲಿ ಅನ್ನುವ ಕರಿದ ಅನ್ನದ ಉಂಡೆ ನೋಡಲು ನಮ್ಮ ಬೋಂಡಾ ಹಾಗೇ ಇದ್ದರೂ ಒಳಗೆ ಮಾಂಸದ ಸಾಸ್ ಇರುವುದುಂಟು, ಕೇಳಿ ತಿನ್ನಿ. ಅಲ್ಲಿನ ಪೆಕೊರಿನೊ, ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸುವುದು ಕರುವಿನದೋ ಕುರಿಮರಿಯದೋ ಜಠರದಿಂದ ತೆಗೆದ ರೆನೆಟ್‌ನಿಂದ. ಅದೂ ಬೇಡ ಅನ್ನುವವರಿಗೆ ಚೀಸ್ ಇಲ್ಲದ ಮರಿನಾರಾ ಪಿಜ್ಜಾ ಇದೆ. ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ. ಚೆನ್ನಾಗಿತ್ತು.

ಮಧ್ಯಾಹ್ನದ ಮೇಲೆ ಕಾಲು ಮಾತಾಡಲು ಶುರುಮಾಡಿದವು. ರೋಮ್‌ನ ರಸ್ತೆಗೆ ಹಾಸಿದ ಚೌಕದ ಕಪ್ಪು ಕಲ್ಲುಗಳ ಮೇಲೆ ತೆಳು ಅಟ್ಟೆಯ ಚಪ್ಪಲಿ ನಡೆಯುವುದಿಲ್ಲ, ಶೂ ಬೇಕು. ಕ್ಯಾಂಪಿಡೋಲ್ಯೊ ಗುಡ್ಡ ಹತ್ತಿ, ಮೇಲಿನ ಅರಮನೆಯ ಪಕ್ಕದಿಂದ ಹಿಂದಕ್ಕೆ ಹೋದರೆ ಇಡೀ ಫೋರಮ್ ಕೆಳಗೆ ಕಾಣುತ್ತದೆ. ಟಿಕೆಟ್ ಬೇಡ. ಕಟ್ಟೆಗೆ ಒರಗಿ ಆರಾಮಾಗಿ ನೋಡಿದೆವು. ಆಮೇಲೆ ನೇರ ರಸ್ತೆಯಲ್ಲಿ ಕೊಲೋಸಿಯಂ.

ಹೊರಗಿನ ಗೋಡೆ ತುಂಬ ಗುಳಿಗಳು. ಕಲ್ಲಿಗೆ ಕಲ್ಲು ಕಚ್ಚಿಸಿದ್ದ ಕಬ್ಬಿಣದ ಪಟ್ಟಿಗಳನ್ನು ಮಧ್ಯಯುಗದಲ್ಲಿ ಜನ ಕಿತ್ತುಕೊಂಡು ಹೋದ ಗುರುತು. ಇವರು ಸುತ್ತು ಹಾಕಿ ಗುಳಿ ನೋಡುತ್ತಾ ಇದ್ದರು, ನಾನು ಮೆಟ್ರೋ ಸ್ಟೇಷನ್ ಮೇಲಿನ ಕಟ್ಟೆಯಲ್ಲಿ ಕೂತೆ. ಕಟ್ಟಡ ಪೂರ್ತಿ ಕಾಣಬೇಕೆಂದರೆ ಆ ಎತ್ತರವೇ ಸರಿ. ಮೆಟ್ರೋ ಗೇಟಿಗೆ ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ಟರ್ಮಿನಿ ಅಲ್ಲಿಂದ ಎರಡನೇ ಸ್ಟಾಪ್. ಜೇಬುಗಳ್ಳರ ಕಾಟ ಇರುವುದರಿಂದ ಪರ್ಸ್ ಮುಂದಿನ ಜೇಬಿನಲ್ಲಿರಲಿ. ಇವರದ್ದು ನನ್ನ ಬ್ಯಾಗಿನ ತಳದಲ್ಲಿತ್ತು, ಖರ್ಚೂ ಕಡಿಮೆಯಾಯಿತು.