ಸಬ್ಸಿಡಿಗೂ ಮುಂಚೆ ಪಹಣಿ: ಕೃಷಿ ಹೊಂಡ, ಡ್ರಿಪ್ ಮಾಡಿಸಿಕೊಂಡ ನನ್ನ ಅನುಭವ

ಸಬ್ಸಿಡಿ ಅಂದ ತಕ್ಷಣ ಎಲ್ಲರೂ ಕೇಳುವುದು "ಈಗ ಯಾವ ಸ್ಕೀಮ್ ಬಂದಿದೆ?" ಅಂತ. ನನ್ನ ಹತ್ತಿರ ಕೇಳಿದರೆ ನಾನು ತಿರುಗಿಸಿ ಕೇಳುತ್ತೇನೆ: ಪಹಣಿ, ಅಂದರೆ ಜಮೀನಿನ ದಾಖಲೆ, ಯಾರ ಹೆಸರಲ್ಲಿದೆ? ಯೋಜನೆಗಳು ಬರುತ್ತವೆ, ನಿಲ್ಲುತ್ತವೆ, ಹೆಸರು ಬದಲಾಗಿ ಮತ್ತೆ ಬರುತ್ತವೆ. ಕೃಷಿ ಹೊಂಡಕ್ಕೆ ಸಹಾಯಧನ ಕೊಡುವ ರಾಜ್ಯದ ಕೃಷಿ ಭಾಗ್ಯ ಯೋಜನೆಯನ್ನೇ ನೋಡಿ. 2014-15ರಲ್ಲಿ ಶುರುವಾಯಿತು, ನಡುವೆ ನಿಂತುಹೋಯಿತು, 2023-24ರಲ್ಲಿ ಮತ್ತೆ ಬಂತು. ಬಂದಾಗ ಕಾಗದ ಸರಿ ಇದ್ದವರು ಅರ್ಜಿ ಹಾಕಿದರು. ಉಳಿದವರು ತಾಲೂಕು ಕಚೇರಿ, ನಾಡಕಚೇರಿ ಅಂತ ಓಡಾಡುವಷ್ಟರಲ್ಲಿ ಆ ವರ್ಷದ ಗುರಿ ಮುಗಿದಿತ್ತು.

ನಮ್ಮದು ಚಳ್ಳಕೆರೆ ಕಡೆಯ ಕೆಂಪು ನೆಲ. ರಾಜ್ಯದಲ್ಲೇ ತುಂಬಾ ಕಡಿಮೆ ಮಳೆ ಬೀಳುವ ಸೀಮೆ. ಶೇಂಗಾ ನಮ್ಮ ಬೆಳೆ. ಇಲ್ಲಿ ಮಳೆ ಕಡಿಮೆ ಅನ್ನುವುದು ಅರ್ಧ ಕಷ್ಟ ಅಷ್ಟೇ. ಬಿದ್ದ ಮಳೆ ಒಂದೆರಡು ದಿನದಲ್ಲಿ ಜೋರಾಗಿ ಸುರಿದು ಹಳ್ಳಕ್ಕೆ ಹರಿದುಹೋಗುತ್ತದೆ. ಆಮೇಲೆ ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮೋಡ ಮಾತ್ರ ಬರುತ್ತದೆ, ಹನಿ ಬೀಳುವುದಿಲ್ಲ. ಆ ಹೊತ್ತಿಗೆ ಒಂದೇ ಒಂದು ನೀರು ಕೊಡೋಕೆ ಆದರೆ ಬೆಳೆ ಉಳಿಯುತ್ತದೆ. ಹಾಗಾಗಿ ನನಗೆ ಬೇಕಿದ್ದದ್ದು ಹರಿದುಹೋಗುವ ಮಳೆ ನೀರನ್ನು ಹಿಡಿದಿಡುವ ಕೃಷಿ ಹೊಂಡ. ಸಬ್ಸಿಡಿ ಇದೆ ಅಂತ ಹೊಂಡ ತೆಗೆಸಿದ್ದಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ಸಬ್ಸಿಡಿ ಸಿಗುತ್ತದೆ ಅಂತ ಬೇಡದ ಯಂತ್ರ ತಂದು, ತಮ್ಮ ಪಾಲಿನ ದುಡ್ಡಿಗೆ ಸಾಲ ಮಾಡಿದವರನ್ನು ಕಂಡಿದ್ದೇನೆ. ಯಂತ್ರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದೆ, ಬಡ್ಡಿ ಮಾತ್ರ ಬೆಳೆಯುತ್ತಿದೆ.

ಈಗ ಪಹಣಿ ವಿಷಯ. ಜಮೀನು ನಮ್ಮ ತಾತನ ಹೆಸರಲ್ಲೇ ಇತ್ತು. ತಾತ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಉಳುಮೆ ಮಾಡುವವರು ನಾವು, ಕಂದಾಯ ಕಟ್ಟುವವರು ನಾವು. ಆದರೆ ಪಹಣಿಯ 9ನೇ ಕಾಲಂನಲ್ಲಿ ಹೆಸರಿಲ್ಲದಿದ್ದರೆ ಇಲಾಖೆಗೆ ನೀವು ರೈತರೇ ಅಲ್ಲ. ಬೆಳೆ ನಷ್ಟ ಪರಿಹಾರ, ಡ್ರಿಪ್, ಬೆಳೆ ಸಾಲ, ಎಲ್ಲದಕ್ಕೂ ಆ ಕಾಲಂನ ಹೆಸರೇ ಆಧಾರ. 11ನೇ ಕಾಲಂ ಕೂಡ ನೋಡಿಕೊಳ್ಳಿ. ತೀರಿಸಿದ ಹಳೇ ಸಾಲ ಅಲ್ಲಿ ಹಾಗೇ ಕೂತಿರುತ್ತದೆ. ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ತೆಗೆಸಬೇಕು.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ವಂಶವೃಕ್ಷ ಮಾಡಿಸುವಾಗ "ಅತ್ತೆಯಂದಿರ ಹೆಸರು ಬಿಟ್ಟುಬಿಡಿ, ಬೇಗ ಆಗುತ್ತೆ" ಅಂತ ಸಲಹೆ ಕೊಟ್ಟವರಿದ್ದರು. ನಾನು ಒಪ್ಪಲಿಲ್ಲ. 2005ರ ತಿದ್ದುಪಡಿ ಆದಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅದು ಅವರ ಹಕ್ಕು. ಅವರನ್ನು ಬಿಟ್ಟು ಮಾಡಿದ ಕಾಗದ ಮುಂದೆ ಎಂದಾದರೂ ತಕರಾರಿಗೆ ಬರುತ್ತದೆ, ಅದು ಬೇರೆ ಮಾತು. ಇಬ್ಬರು ಅತ್ತೆಯರ ಮನೆಗೂ ಹೋಗಿ ಕೂತು ಮಾತಾಡಿದೆ. ಇಬ್ಬರೂ ಬಂದು ಸಹಿ ಹಾಕಿದರು.

ಚಿಕ್ಕಪ್ಪನ ಹತ್ತಿರ ಮಾತ್ರ ಸ್ವಲ್ಪ ಸಮಯ ಹಿಡಿಯಿತು. ಪೌತಿ ಆದಮೇಲೆ ಎಲ್ಲ ವಾರಸುದಾರರ ಹೆಸರೂ ಪಹಣಿಯಲ್ಲಿರುವ ಜಂಟಿ ಖಾತೆ ಬಂತು. ಜಂಟಿ ಇದ್ದರೆ ಅರ್ಜಿ ಹಾಕುವವನಿಗೆ ಉಳಿದ ಖಾತೆದಾರರ ಒಪ್ಪಿಗೆ ಪತ್ರ ಬೇಕು, ಛಾಪಾ ಕಾಗದದ ಮೇಲೆ.

"ಇದಕ್ಕೆ ಸಹಿ ಹಾಕಿದರೆ ನನ್ನ ಪಾಲು ಹೋಗಲ್ಲ ತಾನೇ?" ಅಂದರು ಚಿಕ್ಕಪ್ಪ.

"ಹೋಗಲ್ಲ ಚಿಕ್ಕಪ್ಪ. ಆದರೆ ನಿಮಗೆ ಅನುಮಾನ ಇದ್ದರೆ ಸಹಿ ಬೇಡ. ಜಮೀನು ಭಾಗ ಮಾಡಿಕೊಂಡು ಪಾಲುಪಾರಿಕತ್ತೇ ಮಾಡಿಸಿಬಿಡೋಣ. ನಿಮಗೂ ನಿಮ್ಮ ಹೆಸರಿನ ಪಹಣಿ ಬರುತ್ತೆ, ನೀವೂ ಅರ್ಜಿ ಹಾಕಬಹುದು."

ಅದೇ ಆಯಿತು. ಅಳತೆ ಹಾಕಿಸಿ, 11ಇ ನಕ್ಷೆ (ಭಾಗವಾಗುವ ಜಮೀನನ್ನು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ನೋಂದಣಿ ಮಾಡಿಸಿದೆವು. ಖರ್ಚಾಯಿತು, ಸಮಯವೂ ಹಿಡಿಯಿತು. ಆದರೆ ಒಂದು ಸಬ್ಸಿಡಿಗೆ ಅಂತ ಒಪ್ಪಿಗೆ ಪತ್ರ ತಂದರೆ ಅದು ಆ ಒಂದಕ್ಕೇ ಮುಗಿಯುತ್ತದೆ. ಮುಂದಿನದಕ್ಕೆ ಮತ್ತೆ ಎಲ್ಲರ ಮನೆ ಬಾಗಿಲಿಗೆ ಹೋಗಬೇಕು. ನಿಮ್ಮ ಮನೆಯಲ್ಲಿ ಮಾತುಕತೆ ಚೆನ್ನಾಗಿದ್ದರೆ ವಿಭಾಗ ಮಾಡಿಕೊಳ್ಳಿ ಅಂತಲೇ ನನ್ನ ಸಲಹೆ.

ಹೆಸರು ನನ್ನದಾದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ರೈತರ ಮತ್ತು ಅವರ ಜಮೀನಿನ ವಿವರ ಇರುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಮಾಡಿಸಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಪಡೆದೆ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೋ ಸಾಕು. ಪರಿಶಿಷ್ಟ ಜಾತಿ, ಪಂಗಡದವರಾದರೆ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೂ ಬೇಕು, ಸಹಾಯಧನದ ಪ್ರಮಾಣ ಅದರ ಮೇಲೆ ನಿಲ್ಲುತ್ತದೆ. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ನಿಮ್ಮ ಎಲ್ಲ ಸರ್ವೆ ನಂಬರ್‌ಗಳೂ ಎಫ್‌ಐಡಿಗೆ ಸೇರಿವೆಯಾ ನೋಡಿ. ಎಷ್ಟೋ ಜನರದ್ದು ಒಂದೇ ಸರ್ವೆ ನಂಬರ್ ಸೇರಿರುತ್ತದೆ, ಬರ ಪರಿಹಾರ ಬಂದಾಗ ಅಷ್ಟಕ್ಕೇ ಸಿಗುತ್ತದೆ. ಇನ್ನೊಂದು, ಆಧಾರ್‌ನಲ್ಲಿರುವ ಹೆಸರು ಮತ್ತು ಪಹಣಿಯ ಹೆಸರು ಹೊಂದಬೇಕು. ಒಂದರಲ್ಲಿ ಇನಿಶಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ತಕರಾರು ಬರಬಹುದು.

ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 90 ಸಹಾಯಧನ. ಅಳತೆಗಳು ನಿಗದಿ ಇವೆ. 10 ಮೀಟರ್ ಉದ್ದ, 10 ಅಗಲ, 3 ಆಳದಿಂದ ಶುರುವಾಗಿ 21 ಉದ್ದ, 21 ಅಗಲ, 3 ಆಳದವರೆಗೆ. ನಾನು 21ರದ್ದೇ ಕೇಳಿದೆ. ಅಂಚಿನ ಇಳಿಜಾರು ಒಂದಕ್ಕೊಂದು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇಟ್ಟರೆ ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ನೀರು ನಿಲ್ಲುತ್ತದೆ. 5 ಸೆಂಟಿಮೀಟರ್ ಲೆಕ್ಕದಲ್ಲಿ ಒಂದು ನೀರು ಕೊಟ್ಟರೆ ಹತ್ತಿರ ಹತ್ತಿರ ಐದು ಎಕರೆಗೆ ಸಾಕು. ನನಗೆ ಬೇಕಿದ್ದದ್ದೂ ಅಷ್ಟೇ ಅಲ್ವಾ.

ಅರ್ಜಿ ಕೊಟ್ಟು ಸುಮ್ನೆ ಕೂರಬೇಡಿ, ಸ್ವೀಕೃತಿ ತೆಗೆದುಕೊಳ್ಳಿ. ಆಯ್ಕೆ ಜ್ಯೇಷ್ಠತೆಯ ಮೇಲೆ ನಡೆಯುತ್ತದೆ. ಯಾವ ದಿನ ಅರ್ಜಿ ಹಾಕಿದಿರಿ ಅನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ. ಇನ್ನೊಂದು ಮಾತು, ಕೆಲಸ ಶುರು ಮಾಡಿ ಅನ್ನುವ ಇಲಾಖೆಯ ಕಾರ್ಯಾದೇಶ ಕೈಗೆ ಬರುವವರೆಗೆ ಜೆಸಿಬಿ ಕರೆಸಬೇಡಿ. ಕೆಲಸಕ್ಕೆ ಮುಂಚಿನ ಜಾಗದ ಫೋಟೋ, ಆಮೇಲಿನ ಫೋಟೋ, ಎರಡೂ ಜಿಪಿಎಸ್ ಸಮೇತ ಬೇಕು. ಮೊದಲೇ ಅಗೆದುಬಿಟ್ಟರೆ ಮುಂಚಿನ ಫೋಟೋ ಎಲ್ಲಿಂದ ತರುತ್ತೀರಿ?

ಹೊಂಡ ಎಲ್ಲಿ ತೆಗೆಯಬೇಕು ಅನ್ನುವುದನ್ನು ಮಳೆಯ ದಿನವೇ ನೋಡಿಕೊಂಡಿದ್ದೆ. ಜೋರು ಮಳೆ ಬಂದಾಗ ಕೊಡೆ ಹಿಡಿದು ಹೊಲಕ್ಕೆ ಹೋಗಿ ನೀರು ಯಾವ ಕಡೆಯಿಂದ ಬಂದು ಎಲ್ಲಿ ಸೇರುತ್ತದೆ ಅಂತ ಗುರುತು ಮಾಡಿದ್ದೆ. ನೀರು ಒಳಗೆ ಬರುವ ಬಾಯಿಯ ಮುಂದೆ ಒಂದು ಸಣ್ಣ ಹೂಳು ಗುಂಡಿ ತೆಗೆಸಿದೆ. ಮಣ್ಣು ಅಲ್ಲೇ ಕೂರುತ್ತದೆ, ವರ್ಷಕ್ಕೊಮ್ಮೆ ಎತ್ತಿ ಹೊಲಕ್ಕೆ ಹಾಕಿದರಾಯಿತು. ತುಂಬಿದ ಮೇಲೆ ನೀರು ಹೊರಗೆ ಹೋಗಲು ಕೋಡಿಗೆ ಕಲ್ಲು ಕಟ್ಟಿಸಿದೆ.

ಕಪ್ಪು ನೆಲದವರಿಗೆ ಪಾಲಿಥಿನ್ ಹೊದಿಕೆ ಅಷ್ಟಾಗಿ ಬೇಕಾಗುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಹೊದಿಕೆ ಇಲ್ಲದೆ ನೀರು ನಿಲ್ಲುವುದೇ ಇಲ್ಲ. ಹಾಳೆ ಹಾಸುವ ಮುಂಚೆ ಇಳಿಜಾರನ್ನೆಲ್ಲ ಕೈಯಲ್ಲೇ ಸವರಿ ಚೂಪು ಕಲ್ಲು, ಬೇರಿನ ತುದಿ ತೆಗೆದೆವು. ಮೇಲಂಚಿನ ಸುತ್ತ ಒಂದು ಕಾಲುವೆ ತೋಡಿ, ಹಾಳೆಯ ಅಂಚನ್ನು ಅದರೊಳಗೆ ಇಳಿಸಿ ಮಣ್ಣು ಮುಚ್ಚಿ ತುಳಿದೆವು. ಈ ಕಾಲುವೆ ಇಲ್ಲದಿದ್ದರೆ ಗಾಳಿಗೆ ಹಾಳೆ ಎದ್ದುಬಿಡುತ್ತದೆ. ಎಳೆದು ಬಿಗಿ ಮಾಡಬಾರದು, ಸ್ವಲ್ಪ ಸಡಿಲ ಇರಬೇಕು. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಬಿಗಿ ಇದ್ದ ಕಡೆ ಬೆಸುಗೆ ಬಿಡುತ್ತದೆ. ಆಮೇಲೆ ತಂತಿ ಬೇಲಿ. ಇದರಲ್ಲಿ ರಾಜಿ ಬೇಡ. ಹಾಳೆ ಹಾಸಿದ ಹೊಂಡಕ್ಕೆ ಜಾರಿದ ಮಗುವಾಗಲಿ, ಕುರಿಯಾಗಲಿ ಮೇಲೆ ಹತ್ತಿ ಬರೋಕೆ ಆಗುವುದಿಲ್ಲ. ನಾನು ಬೇಲಿಯ ಜೊತೆಗೆ ಗಂಟು ಹಾಕಿದ ಹಗ್ಗವನ್ನೂ ಒಂದು ಕಡೆಯಿಂದ ನೀರಿನವರೆಗೆ ಇಳಿಬಿಟ್ಟಿದ್ದೇನೆ.

ಕೆಲಸ ಮುಗಿಯಿತು, ಅಧಿಕಾರಿ ಬಂದು ಅಳತೆ ಮಾಡಿದರು, ಬಿಲ್ ಆಯಿತು. ದುಡ್ಡು ಬರಲಿಲ್ಲ. ಕಚೇರಿಯಲ್ಲಿ ಕೇಳಿದರೆ ಜಮೆ ಆಗಿದೆ ಅಂತ ಅವರ ಪರದೆಯಲ್ಲಿ ಕಾಣುತ್ತಿತ್ತು. ಆಮೇಲೆ ಗೊತ್ತಾಯಿತು. ಆಧಾರ್ ಆಧಾರಿತ ಜಮೆ ನೀವು ಬರೆದುಕೊಟ್ಟ ಖಾತೆಗೆ ಹೋಗುವುದಿಲ್ಲ, ಕೊನೆಗೆ ಯಾವ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಎನ್‌ಪಿಸಿಐ ಮ್ಯಾಪಿಂಗ್ ಅನ್ನುವುದು ಇದನ್ನೇ. ನನ್ನದು ಇನ್ನೊಂದು ಬ್ಯಾಂಕಿನಲ್ಲಿ ಹಿಂದೆ ಯಾವುದೋ ಕಾರಣಕ್ಕೆ ತೆಗೆದಿದ್ದ ಖಾತೆಗೆ ಹೋಗಿ ಕೂತಿತ್ತು. ದುಡ್ಡು ಸಿಕ್ಕಿತು. ಆದರೆ ಅಷ್ಟು ದಿನ ಜೆಸಿಬಿಯವರಿಗೆ ಉತ್ತರ ಹೇಳಬೇಕಾಯಿತು. ಹತ್ತಿರದ ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಮೊದಲೇ ಕೇಳಿಕೊಳ್ಳಿ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಬಂದಿಲ್ಲ ಅನ್ನುವವರಲ್ಲಿಯೂ ಎಷ್ಟೋ ಜನರ ಕಥೆ ಇದೇ, ಇಲ್ಲವೇ ಇ-ಕೆವೈಸಿ ಬಾಕಿ ಇರುತ್ತದೆ.

ಹೊಂಡ ತುಂಬಿದ ಮೇಲೆ ಒಂದು ಎಕರೆಯಲ್ಲಿ ನುಗ್ಗೆ ಹಾಕಿ, ತೋಟಗಾರಿಕೆ ಇಲಾಖೆಯಲ್ಲಿ ಡ್ರಿಪ್‌ಗೆ ಅರ್ಜಿ ಕೊಟ್ಟೆ. ಕೇಂದ್ರದ ಯೋಜನೆಯಲ್ಲಿ ಸಹಾಯಧನ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45. ನಮ್ಮ ರಾಜ್ಯ ತನ್ನ ಕಡೆಯಿಂದ ಸೇರಿಸಿ 2 ಹೆಕ್ಟೇರ್‌ವರೆಗೆ ಶೇ 90 ಕೊಡುತ್ತದೆ. ಆದರೆ ಈ 90 ನಿಮ್ಮ ಬಿಲ್ಲಿನ ಮೇಲಲ್ಲ, ಸರ್ಕಾರ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಅದಕ್ಕಿಂತ ಜಾಸ್ತಿ ಆದದ್ದೆಲ್ಲ ನಮ್ಮ ಕೈಯಿಂದ. ಒಬ್ಬ ಡೀಲರ್ ಕೊಟ್ಟ ಕೊಟೇಷನ್‌ನಲ್ಲಿ ಬರೀ ಸ್ಕ್ರೀನ್ ಫಿಲ್ಟರ್ ಇತ್ತು. ಬೋರ್ ನೀರಿಗೆ ಅದು ನಡೆಯುತ್ತದೆ. ಹೊಂಡದ ನೀರಿನಲ್ಲಿ ಪಾಚಿ ಇರುತ್ತದೆ, ಪಾಚಿ ಜಾಲರಿಯಲ್ಲಿ ತೂರಿ ಹೋಗಿ ಡ್ರಿಪ್ಪರ್‌ನ ಸಣ್ಣ ತೂತು ಮುಚ್ಚುತ್ತದೆ. ಸ್ಯಾಂಡ್ ಫಿಲ್ಟರ್ ಸೇರಿಸಿ ಬರೆಸಿದೆ, ನನ್ನ ಪಾಲು ಸ್ವಲ್ಪ ಹೆಚ್ಚಾಯಿತು, ಪರವಾಗಿಲ್ಲ. ಪೈಪ್ ಬಂದಾಗ ಐಎಸ್‌ಐ ಗುರುತು ನೋಡಿ, ಉದ್ದ ಎಳೆದು ಅಳೆದುಕೊಳ್ಳಿ. ಸಹಾಯಧನ ಬಂದಮೇಲೆ ಅದೇ ಜಮೀನಿಗೆ 7 ವರ್ಷ ಮತ್ತೆ ಡ್ರಿಪ್ ಸಬ್ಸಿಡಿ ಇಲ್ಲ. ಹಾಗಾಗಿ ಬಂದ ಮಾಲು ಅಷ್ಟು ವರ್ಷ ಬಾಳಲೇಬೇಕು.

ಕುರಿ ಸಾಕುವವರು ನಮ್ಮ ಸೀಮೆಯಲ್ಲಿ ತುಂಬಾ ಜನ. ಅವರಿಗೆ ರಾಷ್ಟ್ರೀಯ ಜಾನುವಾರು ಮಿಷನ್ ಇದೆ. 100 ಕುರಿ 5 ಟಗರಿನ ಘಟಕಕ್ಕೆ 10 ಲಕ್ಷದವರೆಗೆ, 500 ಕುರಿ 25 ಟಗರಿಗೆ 50 ಲಕ್ಷದವರೆಗೆ ಬಂಡವಾಳದ ಶೇ 50 ಸಬ್ಸಿಡಿ. ನನ್ನ ಭಾವನ ಜೊತೆ ಇದರ ಅರ್ಜಿಗೆ ಓಡಾಡಿದ್ದೇನೆ. ಇದು ಎರಡು ಕಂತಿನಲ್ಲಿ ಬರುವ ದುಡ್ಡು, ಕೆಲಸ ನಡೆದಂತೆ ಬರುತ್ತದೆ. ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು, ಇಲ್ಲವೇ ಸ್ವಂತ ದುಡ್ಡು ತೋರಿಸಬೇಕು. ಮೇವಿಗೆ ಜಾಗ, ತರಬೇತಿ ಅಥವಾ ಅನುಭವದ ದಾಖಲೆ ಕೇಳುತ್ತಾರೆ. ಭಾವ ಮೂವತ್ತು ನಲವತ್ತು ಕುರಿ ಮೇಯಿಸುವವರು. ಮಂದೆ ಒಂದೇ ಸಲ ನೂರಾದರೆ ಬೇಸಿಗೆಯಲ್ಲಿ ಮೇವು ಎಲ್ಲಿಂದ ಅಂತ ಲೆಕ್ಕ ಹಾಕಿ, ಸದ್ಯ ಬೇಡ ಅಂದರು. ಸರಿಯಾದ ತೀರ್ಮಾನ ಅಂತಲೇ ನನಗೆ ಅನಿಸಿತು. ಈಗ ಅವರು ಹೊಲದ ಬದುವಿಗೆ ಮೇವಿನ ಗಿಡ ಹಾಕುತ್ತಿದ್ದಾರೆ, ಕುರಿ ಆಮೇಲೆ.

ಬೆಳೆ ಸಮೀಕ್ಷೆಯನ್ನು ಜನ ತುಂಬಾ ಹಗುರಾಗಿ ನೋಡುತ್ತಾರೆ. ಪ್ರತಿ ಹಂಗಾಮಿನಲ್ಲೂ ಹೊಲದಲ್ಲಿ ಏನು ಬೆಳೆ ಇದೆ ಅಂತ ಫೋಟೋ ಸಮೇತ ಆ್ಯಪ್‌ನಲ್ಲಿ ಸೇರುತ್ತದೆ. ನಾವೇ ಮಾಡಬಹುದು, ಇಲ್ಲದಿದ್ದರೆ ಸಮೀಕ್ಷೆಗೆ ಅಂತ ನೇಮಿಸಿದ ಊರಿನವರು (ಕಚೇರಿ ಭಾಷೆಯಲ್ಲಿ "ಖಾಸಗಿ ನಿವಾಸಿಗಳು") ಬಂದು ಮಾಡುತ್ತಾರೆ. ವಿಮೆ, ಪರಿಹಾರ, ಬೆಂಬಲ ಬೆಲೆ ಖರೀದಿ, ಎಲ್ಲದಕ್ಕೂ ಇದನ್ನೇ ನೋಡುತ್ತಾರೆ. ಶೇಂಗಾಕ್ಕೆ ವಿಮೆ ಕಟ್ಟಿ, ಸಮೀಕ್ಷೆಯಲ್ಲಿ ಹೊಲ ಪಾಳು ಅಂತ ದಾಖಲಾಗಿದ್ದರೆ ಕ್ಲೇಮ್ ಬರುವುದಿಲ್ಲ. ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ನಾವು ಕಟ್ಟುವ ವಿಮೆ ಕಂತು ಶೇ 2 ಮಾತ್ರ. ಆ ಎರಡು ಪರ್ಸೆಂಟ್ ವ್ಯರ್ಥ ಆಗಬಾರದು ಅಂದರೆ ದಾಖಲಾದ ಬೆಳೆ ಸರಿಯಿದೆಯಾ ಅಂತ ಮೊಬೈಲ್‌ನಲ್ಲೇ ನೋಡಿ. ತಪ್ಪಿದ್ದರೆ ಆಕ್ಷೇಪಣೆ ಹಾಕಲು ಅವಕಾಶ ಇದೆ, ಕೊನೇ ದಿನಾಂಕ ಮುಗಿಯುವ ಮುಂಚೆ ಹಾಕಿ.

ನನ್ನ ಹತ್ತಿರ ಒಂದು ಫೈಲ್ ಇದೆ. ಈ ವರ್ಷದ ಪಹಣಿ, ಎಫ್‌ಐಡಿ ಚೀಟಿ, ನಾಡಕಚೇರಿಯ ಸಣ್ಣ ರೈತರ ಪ್ರಮಾಣಪತ್ರ, ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್, ಪ್ರತಿ ಅರ್ಜಿಯ ಸ್ವೀಕೃತಿ, ಹಳೇ ಬಿಲ್ಲುಗಳು. ಅರ್ಜಿ ತಿರಸ್ಕಾರ ಆದರೆ ಕಾರಣವನ್ನು ಬರಹದಲ್ಲೇ ಕೇಳುತ್ತೇನೆ, ಅದನ್ನೂ ಇದರಲ್ಲೇ ಇಡುತ್ತೇನೆ. ಹೊಂಡಕ್ಕೆ ಈಗ ಡೀಸೆಲ್ ಪಂಪ್ ಇದೆ. ಸೋಲಾರ್ ಪಂಪಿನ ಅರ್ಜಿಗೆ ಬೇಕಾದದ್ದು ಬಹುತೇಕ ಫೈಲಿನಲ್ಲೇ ಇತ್ತು, ಹೊಸದಾಗಿ ತೆಗೆಸಿದ್ದು ಪಹಣಿ ಒಂದೇ. ಮೊನ್ನೆ ಅದನ್ನೂ ಸಲ್ಲಿಸಿ ಬಂದಿದ್ದೇನೆ.