ಸೋಫಾ ಕೆಳಗೆ ಸೆಕೆ, ಸೋಫಾ ಮೇಲೆ ಚಳಿ

ಅಮೆರಿಕದ ಮಿನ್ನಿಯಾಪೊಲಿಸ್‌ನಿಂದ ಡುಲುತ್‌ಗೆ ಸುಮಾರು 250 ಕಿಲೋಮೀಟರ್. ಜನವರಿ ತಿಂಗಳು, ಹೊರಗೆ ಮೈನಸ್ 18 ಡಿಗ್ರಿ. (ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕ ಬೇಡ, ಎಲ್ಲ ಸೆಲ್ಸಿಯಸ್‌ನಲ್ಲೇ ಹೇಳುತ್ತೇನೆ.) ಹೊರಟ ಮೊದಲ ಇಪ್ಪತ್ತು ನಿಮಿಷ, ಮನೆಯ ಹಾಗೆ ಮಾಡಿಸಿದ ನಮ್ಮ ಬಸ್ಸಿನೊಳಗೆ ಹಿತವಾಗಿತ್ತು. ಆಮೇಲೆ ಕಿಟಕಿ ಕೆಳಗಿಂದ ಬರುವ ಗಾಳಿ ನಿಧಾನಕ್ಕೆ ತಣ್ಣಗಾಯಿತು. ಬೇಡ ಅಂದರೂ ಹಿಮ ನೋಡಬೇಕು ಅಂತ ಚಳಿಗಾಲದಲ್ಲೇ ಬಂದಿದ್ದ ಅಮ್ಮ, ಎರಡು ಸ್ವೆಟರಿನ ಮೇಲೆ ಕಂಬಳಿ ಹೊದ್ದು, "ಇದಕ್ಕಿಂತ ನಮ್ಮ ತಿಪಟೂರಿನ ಕೆಂಪು ಬಸ್ಸೇ ವಾಸಿ ಕಣೋ" ಅಂದರು. ಸೋಫಾ ಹತ್ತಿರ ಥರ್ಮಾಮೀಟರ್ 12 ತೋರಿಸುತ್ತಿತ್ತು.

ಬಸ್ಸು 1980ರ ದಶಕದ ಹೈವೇ ಕೋಚ್, 40 ಅಡಿ ಉದ್ದ. ಹಿಂದಿನ ಮಾಲೀಕ 47 ಸೀಟು ಕಿತ್ತು ಹಾಕಿ ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಮಾಡಿಸಿದ್ದ. ನಾನು ಹಾಗೇ ತಗೊಂಡೆ. ಎಂಜಿನ್ ಡೆಟ್ರಾಯಿಟ್ ಡೀಸೆಲ್ 8ವಿ71, ಟೂ ಸ್ಟ್ರೋಕ್. ಅದರ ಸದ್ದಿನ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ.

ಒಳಗಿನ ಬಿಸಿಯ ವ್ಯವಸ್ಥೆ ಅಂಥ ಕಷ್ಟದ್ದೇನಲ್ಲ. ಊರಲ್ಲಿ ಬಚ್ಚಲ ಹಂಡೆಯ ನೀರನ್ನು ಪೈಪಿನಲ್ಲಿ ನಡುಮನೆಗೆ ತಂದು, ಅದಕ್ಕೊಂದು ಫ್ಯಾನ್ ಹಾಕಿದ ಹಾಗೆ ಅಂದುಕೊಳ್ಳಿ. ಹಿಂದುಗಡೆ ಎಂಜಿನ್ನಿನಲ್ಲಿ ಕಾದ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ತಾಮ್ರದ ಪೈಪಿನಲ್ಲಿ ನೆಲದ ಕೆಳಗಿರುವ ಹೀಟರ್ ಕೋರ್‌ಗೆ, ಅಂದರೆ ಪುಟ್ಟ ರೇಡಿಯೇಟರಿಗೆ, ಬರುತ್ತದೆ. ಬ್ಲೋವರ್ ಒಳಗಿನ ಗಾಳಿಯನ್ನು ಎಳೆದು, ಆ ಕೋರ್ ಮೂಲಕ ದಾಟಿಸಿ, ಕಿಟಕಿ ಕೆಳಗಿನ ಡಕ್ಟಿಗೆ (ಗಾಳಿಯ ಕೊಳವೆಗೆ) ತಳ್ಳುತ್ತದೆ. ಕೋರ್‌ಗೆ ಮುಂಚೆ ಒಂದು ವಾಲ್ವ್ ಇದೆ. ಅದನ್ನು ತೆಗೆದು ಮುಚ್ಚುವುದು ಕರೆಂಟ್ ಅಲ್ಲ, ಗಾಳಿ. ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರಿನದೇ ಗಾಳಿ. ಬಸ್ಸಿನೊಳಗಿನ ಶಾಖ ನೋಡುವ ಸೆನ್ಸರ್‌ಗೆ ಸೆಕೆ ಆದರೆ ಅದು ವಾಲ್ವ್‌ಗೆ ಗಾಳಿ ಕಳಿಸುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ. ಗಾಳಿ ಇಲ್ಲದಿದ್ದರೆ ನನ್ನ ಬಸ್ಸಿನ ವಾಲ್ವ್ ಪೂರ್ತಿ ತೆರೆದೇ ಇರುತ್ತದೆ. ಕೆಟ್ಟರೂ ಜನ ಚಳಿಯಲ್ಲಿ ನಡುಗಬಾರದು ಅಂತ ಯಾರೋ ಯೋಚನೆ ಮಾಡಿ ಮಾಡಿದ್ದಾರೆ.

ಈಗ ನನ್ನ ದಡ್ಡತನ ಕೇಳಿ. ಮೊದಲು ಎಂಜಿನ್ನಿನ ಶಾಖ ಹತೋಟಿಯಲ್ಲಿಡುವ ಎರಡೂ ಥರ್ಮೋಸ್ಟಾಟ್ ಹೊಸದು ಹಾಕಿಸಿದೆ. ಗುಣ ಕಾಣಲಿಲ್ಲ. ಕೂಲೆಂಟ್ ತಳ್ಳುವ ಪಂಪ್ ಬದಲಾಯಿಸಿದೆ. ಅದರಿಂದಲೂ ಇಲ್ಲ. ಇಷ್ಟೆಲ್ಲ ಆಗುವಾಗಲೂ ಡ್ರೈವರ್ ಸೀಟಿನಲ್ಲಿ ನನ್ನ ಕಾಲು ಬೆಚ್ಚಗೇ ಇರುತ್ತಿತ್ತು! ಡ್ರೈವರ್‌ಗೆ ಬೇರೆ ಪುಟ್ಟ ಕೋರ್ ಇದೆ, ಆದರೆ ಕೂಲೆಂಟ್ ಅದೇ, ಪಂಪ್ ಅದೇ. ಅಲ್ಲಿ ಬಿಸಿ ಬರುತ್ತಿದೆ ಅಂದರೆ ಎಂಜಿನ್ ಕಡೆ ತಪ್ಪಿಲ್ಲ ಅಂತ ಅರ್ಥ ತಾನೇ? ಬುದ್ಧಿ ಓಡಲೇ ಇಲ್ಲ. ಸುಮ್ನೆ ದುಡ್ಡು ಹೋಯಿತು.

ಆಮೇಲೆ ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ ತಂದೆ. ಅದೂ ಮೊದಲು ಮೋಸ ಮಾಡಿತು. ಕೈ ಇಟ್ಟರೆ ಸುಡುವ ತಾಮ್ರದ ಪೈಪನ್ನು 38 ಡಿಗ್ರಿ ಅಂದಿತು. ಹೊಳೆಯುವ ಲೋಹದ ಮೇಲೆ ಈ ಗನ್ ಸರಿಯಾಗಿ ಓದುವುದಿಲ್ಲ. ಪೈಪಿಗೆ ಎರಡು ಸುತ್ತು ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಟೇಪಿನ ಮೇಲೆ ಹಿಡಿದೆ. ಆಗ ನಿಜ ಗೊತ್ತಾಯಿತು: ವಾಲ್ವ್‌ಗೆ ಮುಂಚೆ 76, ವಾಲ್ವ್ ದಾಟಿದ ಮೇಲೆ 31. ನೀರು ಅಲ್ಲೇ ನಿಂತಿದೆ.

ವಾಲ್ವ್ ಕೆಟ್ಟಿದೆಯೋ, ಯಾರೋ ಮುಚ್ಚು ಅಂತ ಹೇಳುತ್ತಿದ್ದಾರೋ? ವಾಲ್ವ್‌ಗೆ ಬರುವ ಗಾಳಿಯ ಪೈಪನ್ನು ಬಿಚ್ಚಿದೆ. ಬುಸ್ ಅಂತ ಗಾಳಿ ಹೋಯಿತು. ಐದು ನಿಮಿಷಕ್ಕೆ ಆಚೆ ಕಡೆಯ ಪೈಪೂ 70 ದಾಟಿತು. ವಾಲ್ವ್ ಚೆನ್ನಾಗಿಯೇ ಇದೆ. ಅದಕ್ಕೆ ಬರುತ್ತಿರುವ ಆಜ್ಞೆ ತಪ್ಪು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ಕೋಚುಗಳು ಗಾಳಿ ಚೀಲದ ಮೇಲೆ ನಿಂತಿರುತ್ತವೆ. ಎಲ್ಲೋ ಗಾಳಿ ಸೋರಿದರೆ ಬಸ್ಸು ಹೇಳದೆ ಕೇಳದೆ ಕುಸಿಯುತ್ತದೆ. ಜನ ಸತ್ತಿದ್ದಾರೆ. ಬಸ್ಸಿನ ಕೆಳಗೆ ತೂರುವ ಮುಂಚೆ ಅದರ ಚೌಕಟ್ಟಿಗೆ (ಚಾಸಿಗೆ) ಗಟ್ಟಿ ಆಸರೆ ಕೊಡಿ, ಚಕ್ರಕ್ಕೆ ಅಡ್ಡ ಇಡಿ. ಬರೀ ಜಾಕ್ ನಂಬಬೇಡಿ. ಎರಡೇ ನಿಮಿಷದ ಕೆಲಸ ಅಂತ ನಾನೂ ಒಮ್ಮೆ ತೂರಿದ್ದೆ. ಹೆಂಡತಿ ನೋಡಿ ಎರಡು ದಿನ ಮಾತು ಬಿಟ್ಟಳು.

ಸೆನ್ಸರ್ ಹುಡುಕಲು ಅರ್ಧ ದಿನ ಬೇಕಾಯಿತು. ಬಸ್ಸಿನ ಗಾಳಿ ಬ್ಲೋವರ್‌ಗೆ ವಾಪಸ್ ಹೋಗುವ ಗ್ರಿಲ್ ಹಿಂದೆ ಅದು ಕೂತಿರುತ್ತದೆ. ಆ ಗ್ರಿಲ್ ಎಲ್ಲಿ? ಸೋಫಾ ತಳದ ಪ್ಲೈವುಡ್ ಪೆಟ್ಟಿಗೆಯ ಒಳಗೆ! ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ಮುಖಕ್ಕೆ ಸೆಕೆ ಬಡಿಯಿತು. ಧೂಳು, ಒಂದು ಮಗುವಿನ ಕಾಲುಚೀಲ, ಮತ್ತೆ ಸ್ನಾನದ ನೀರು ಕಾಯಿಸಲು ಎಂಜಿನ್ನಿನಿಂದ ಎಳೆದಿದ್ದ ಬಿಸಿ ಪೈಪು. ಅದರ ಪಕ್ಕ ಎರಡು ಬೆರಳು ದೂರದಲ್ಲಿ ಸೆನ್ಸರ್. ಪೆಟ್ಟಿಗೆಯೊಳಗೆ 29 ಡಿಗ್ರಿ. ಪಾಪ, ಸೆನ್ಸರ್ ತನಗೆ ಕಂಡದ್ದನ್ನೇ ಹೇಳುತ್ತಿತ್ತು: ಸೆಕೆ ಆಗ್ತಿದೆ, ಬಿಸಿ ಸಾಕು.

ಇಪ್ಪತ್ತು ನಿಮಿಷದ ಲೆಕ್ಕವೂ ಆಗ ಸರಿಹೋಯಿತು. ಎಂಜಿನ್ ಕಾದು, ಆ ಪೈಪು ಕಾದು, ಪೆಟ್ಟಿಗೆ ಕಾಯಲು ಅಷ್ಟು ಹೊತ್ತು ಬೇಕು.

ಸೆನ್ಸರನ್ನೇ ತಂದು ಎದುರು ಗೋಡೆಗೆ ಹಾಕಿದರೆ ಮುಗೀತು ಅಂದುಕೊಂಡೆ. ನೈಲಾನ್ ಗಾಳಿ ಪೈಪು ಉದ್ದ ಮಾಡಿ ಹಾಕಿಯೂ ಬಿಟ್ಟೆ. ಆದರೆ ಒಳಗಿನ ಶಾಖ 15ಕ್ಕೆ ಇಳಿಯುವುದು, 27ಕ್ಕೆ ಏರುವುದು, ಇದೇ ಆಟ. ಗೋಡೆ ಹತ್ತಿರ ಗಾಳಿ ಆಡುವುದಿಲ್ಲ. ಸೆನ್ಸರ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಬಸ್ಸೆಲ್ಲ ಕಾದಿರುತ್ತದೆ. ಹರಿಯುವ ಗಾಳಿಯಲ್ಲೇ ಅದು ಇರಬೇಕು. ಮತ್ತೆ ಹಳೇ ಜಾಗಕ್ಕೇ ಹಾಕಿದೆ. ಬಿಸಿ ಪೈಪಿಗೆ ದಪ್ಪ ರಬ್ಬರ್ ಹೊದಿಕೆ ಸುತ್ತಿ, ಸೋಫಾದ ಮುಂಭಾಗದಲ್ಲಿ ಎರಡು ಅಡಿ ಉದ್ದ ಕತ್ತರಿಸಿ ಗ್ರಿಲ್ ಕೂರಿಸಿದೆ. ಗ್ರಿಲ್ ಮುಂದೆ ಒಂದು ಹಾಳೆ ಹಿಡಿದರೆ ಫಟ್ ಅಂತ ಅಂಟಿಕೊಂಡಿತು. ಬ್ಲೋವರ್‌ಗೆ ಇಷ್ಟು ದಿನ ಉಸಿರೇ ಇರಲಿಲ್ಲ.

ಕೊನೆಗೆ, ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ ತುಂಬಿಸಿ, ಕೋರ್ ಮೇಲಿನ ಪುಟ್ಟ ನಲ್ಲಿ ತಿರುಗಿಸಿ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಟ್ಟೆ. ಮೊದಲು ಸುಯ್, ಆಮೇಲೆ ಪಟಪಟ, ಆಮೇಲೆ ಸಣ್ಣ ಧಾರೆ. ಕೆಳಗೆ ಬಕೆಟ್ ಇಡಿ, ಕೂಲೆಂಟ್ ನಾಯಿಗಳಿಗೆ ವಿಷ.

ಇನ್ನೊಂದು ವಿಷಯ. ಕೋಚಾಗಿದ್ದಾಗ ಇದರಲ್ಲಿ 47 ಜನ ಕೂರುತ್ತಿದ್ದರು. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. ಅಲ್ಲಿಗೇ ಹತ್ತಿರ ಹತ್ತಿರ 4,700 ವ್ಯಾಟ್ ಪುಕ್ಕಟೆ. ಈಗ ನಾವು ಮೂರು ಜನ. ಹಾಗಾಗಿ ಹಳೇ ಸೆಟ್ಟಿಂಗಿಗಿಂತ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುತ್ತೇನೆ. ನಿಂತಲ್ಲೇ ಎಂಜಿನ್ ಓಡಿಸಿ ಬಿಸಿ ಬರಲಿ ಅಂತ ಕಾಯುವುದಂತೂ ದಂಡ. ಈ ಟೂ ಸ್ಟ್ರೋಕ್ ಐಡ್ಲಿಂಗಿನಲ್ಲಿ ತಾನೇ ತಣ್ಣಗಾಗುತ್ತದೆ.

ಫೆಬ್ರವರಿಯಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು. ಹೊರಗೆ ಮೈನಸ್ 15, ಸೋಫಾ ಹತ್ತಿರ 21, ಡುಲುತ್ ತನಕ ಅಲುಗಲಿಲ್ಲ. ಅಮ್ಮ ಒಂದು ಸ್ವೆಟರ್ ಬಿಚ್ಚಿದರು, ಇನ್ನೊಂದನ್ನು ನಂಬಿಕೆ ಸಾಲದೆ ಇಟ್ಟುಕೊಂಡರು. ಹಿಂದಿನ ಬಚ್ಚಲು ಮಾತ್ರ ಇನ್ನೂ ಐಸಿನ ಪೆಟ್ಟಿಗೆ. ಅಲ್ಲಿಗೆ ಹೋಗುವ ಡಕ್ಟಿಗೂ ಎಲ್ಲೋ ಪ್ಲೈವುಡ್ ಹೊಡೆದಿರಬೇಕು. ಶನಿವಾರ ಬಿಚ್ಚಿ ನೋಡುತ್ತೇನೆ.